ಒಂದು ಹೋತಕ್ಕೆ ಎರಡು ಪ್ರಶ್ನೆ

ರಾಪೆ ಹಳ್ಳಿ, ಲಾಹೌಲ
ಭಾದ್ರಪದ, ಮಂಗಳವಾರ ಮಧ್ಯಾಹ್ನ

ಕುಗ್ತಿಯಲ್ಲಿ ಬಾಗಿಲ ಹತ್ತಿರ ಕೂತು ದಾರಿ ನೋಡುತ್ತಿರುವ, ನೋಡುತ್ತಿಲ್ಲ ಎಂದು ಅಮ್ಮನಿಗೆ ಸುಳ್ಳು ಹೇಳುತ್ತಿರುವ ಮುದ್ದು ಬ್ಯಾಸೋಗೆ, ನಿನ್ನ ಮಾಮ ಮುಸದ್ದಿ ರಾಮನ ಆಶೀರ್ವಾದ.

ಎಲ್ಲರೂ ಸುಖವಾಗಿ ಬೆಟ್ಟಸಾಲಿನ ನೆತ್ತಿಯ ಜೋತ್ ದಾಟಿ ಈಚೆ ಕಡೆ ಇಳಿದಿದ್ದೇವೆ. ಕಲ್ಕತ್ತದ ಸಾನ್ಯಾಲ್ ಬಾಬು, ಅವರ ಹೆಂಡತಿ, ಅವರ ಬ್ಯಾಂಕಿನ ಗೆಳೆಯರು, ಎಲ್ಲರ ಕೈಕಾಲ ಬೆರಳುಗಳೂ ಇರಬೇಕಾದ ಜಾಗದಲ್ಲೇ ಇವೆ. ನಿನ್ನ ಅಮ್ಮನಿಗೆ ಹೇಳು, ಹಿಟ್ಟಿನ ಡಬ್ಬಿಯೂ ಒಡೆದಿಲ್ಲ. ಅಕ್ಷರ ಸೊಟ್ಟಗೆ ಕಂಡರೆ ಅದು ಪೆನ್ನಿನ ತಪ್ಪು. ಪೆನ್ನು ಆ ಅಂಗರೂಪನದು. ಐದನೇ ಕ್ಲಾಸಿನಲ್ಲಿ ನನ್ನ ಅಕ್ಷರ ನೋಡಿ ಮೇಷ್ಟ್ರು ಇಡೀ ಶಾಲೆಯನ್ನು ಕರೆದು ತೋರಿಸಿದ್ದು ನಿನಗೆ ಗೊತ್ತೇ ಇದೆ. ಯಾಕೆ ತೋರಿಸಿದರು ಎಂದು ನಿನ್ನ ಅಮ್ಮ ಬೇರೆ ಥರ ಹೇಳುತ್ತಾಳೆ, ನಂಬಬೇಡ.

ನೀನು ಕಾಯುತ್ತಿರುವುದು ಹಿಟ್ಟಿನ ಡಬ್ಬಿಯ ಸುದ್ದಿಗಲ್ಲ. ಹೊರಡುವ ಮುಂಚೆ ಒಲೆಯ ಮುಂದೆ ಕೂತು ನೀನು ಹೇಳಿದ್ದೆ: "ಮಾಮ, ಅಂಗರೂಪ್ ಜೊತೆ ಒಂದು ಸಲ ಜೋತ್ ದಾಟು. ಆಮೇಲೆ ನೀನು ಹೂಂ ಅಂದ್ರೆ ಮದುವೆ, ಊಹೂಂ ಅಂದ್ರೆ ಇಲ್ಲ. ನಾನು ಎದುರಾಡಲ್ಲ." ಮಾಮ ಹೂಂ ಅನ್ನದೆ ನಮ್ಮ ಗದ್ದಿ ಜನರಲ್ಲಿ ಮದುವೆಯ ಮಾತು ಅಂಗಳ ದಾಟುವುದಿಲ್ಲ, ಅದು ಸರಿ. ಆದರೆ ನೀನು ಅಷ್ಟು ಸುಲಭವಾಗಿ ನನ್ನ ಮೇಲೆ ಹಾಕಿಬಿಟ್ಟಿದ್ದು ಮಾತ್ರ ಸರಿಯಲ್ಲ. ಎದುರಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಉತ್ತರಕ್ಕಾಗಿ ಕೊನೆಯ ಹಾಳೆಗೆ ಹಾರಬೇಡ. ನೀನು ಹಾರುತ್ತೀಯ ಎಂದು ಗೊತ್ತಿದ್ದೇ ಅದನ್ನು ನಡುವೆ ಎಲ್ಲೋ ಬಚ್ಚಿಟ್ಟಿದ್ದೇನೆ.

ಮೊದಲು ನನ್ನ ದೂರುಗಳನ್ನು ಕೇಳು. ಭರಮೌರಿನಲ್ಲಿ ಇಷ್ಟು ವರ್ಷ ಯಾವ ಬಾಬು ಬೆಟ್ಟ ಹತ್ತಲು ಬಂದರೂ "ಮುಸದ್ದಿ ಎಲ್ಲಿ?" ಎಂದೇ ಕೇಳುತ್ತಿದ್ದರು. ಈ ಸಲ ತಂಡ ಕಳಿಸುವವರು ನಿನ್ನ ಅಂಗರೂಪನನ್ನು ಮುಂದಾಳು ಮಾಡಿ, ನನ್ನನ್ನು ಅಡುಗೆಗೆ ಹಾಕಿದರು. ಅವನ ಕೈಗೆ ಸೀಟಿ, ನನ್ನ ಕೈಗೆ ಸೌಟು. ಅವನು ಯಾವುದೋ ಸಂಸ್ಥೆಯಲ್ಲಿ ಬೆಟ್ಟ ಹತ್ತುವುದನ್ನು ಕಲಿತು ಬಂದಿದ್ದಾನಂತೆ. ಬೆಟ್ಟದಲ್ಲೇ ಹುಟ್ಟಿ ಬೆಟ್ಟ ಹತ್ತುವುದಕ್ಕೆ ಶಾಲೆಗೆ ಹೋಗುವವನ ಬಗ್ಗೆ ನಾನು ಏನು ಹೇಳಲಿ? ಇನ್ನು ಹಾಡು. ನಡೆಯುವಾಗ ಗುನುಗುತ್ತಾನೆ. ಒಂದೇ ಸಾಲು, ಅದೂ ಅಪಸ್ವರ. ನನ್ನ ತಮಾಷೆಗಳಿಗೆ ಎಲ್ಲರೂ ನಕ್ಕು ಮುಗಿಸಿ ಮುಂದೆ ಹೋದ ಮೇಲೆ ಇವನೊಬ್ಬನೇ ಹಿಂದಿನಿಂದ ಜೋರಾಗಿ ನಗುತ್ತಾನೆ.

ಮೊದಲ ದಿನವೇ "ಮಾಮ, ಹೊರೆ ಇಲ್ಲಿ ಕೊಡಿ" ಅಂದ.

"ಯಾರಿಗೋ ಮಾಮ?" ಅಂದೆ. "ನಿಮ್ಮಮ್ಮ ಯಾವತ್ತಾದರೂ ನನಗೆ ರಾಖಿ ಕಟ್ಟಿದ್ದಾಳಾ?"

"ಇಲ್ಲ."

"ಮತ್ತೆ?"

"ತಪ್ಪಾಯ್ತು ಉಸ್ತಾದ್" ಅಂದ. ಹೊರೆ ಮಾತ್ರ ತೆಗೆದುಕೊಂಡೇ ಹೋದ. ಹೊರೆಯನ್ನೂ ಕೊಟ್ಟು ಬೈಗುಳವನ್ನೂ ಮುಗಿಸಿಬಿಟ್ಟವನ ಹಾಗೆ ನಾನು ಬರಿಗೈಯಲ್ಲಿ ನಿಂತಿದ್ದೆ.

ಆಮೇಲೆ ಕೆಲಂಗ ಸ್ವಾಮಿಯ ಗುಡಿ. ನೀನು ಅಂದು ನಾಚಿಕೊಂಡು ಮನೆಯಲ್ಲೇ ಉಳಿದೆ. ಒಳ್ಳೆಯದೇ ಆಯಿತು. ಜೋತ್ ದಾಟುವ ಮುಂಚೆ ಹೋತ ನಿಲ್ಲಿಸಿ ಅಪ್ಪಣೆ ಕೇಳಬೇಕಲ್ಲ. ಪೂಜಾರಿ ಅದರ ಬೆನ್ನ ಮೇಲೆ ನೀರು, ಅಕ್ಕಿ ಹಾಕಿದ. ಹೋತ ಮೈ ಕೊಡವಿದರೆ ದೇವರು ಹೋಗಿ ಅಂದ ಹಾಗೆ. ಸಾನ್ಯಾಲ್ ಬಾಬು ಹತ್ತಿರ ಬಂದು ನಿಂತಿದ್ದರು. ಅವರ ಕಣ್ಣಿನಲ್ಲಿ ಆ ಹೋತ ಆಗಲೇ ಆಲೂಗಡ್ಡೆ ಜೊತೆ ಬೇಯುತ್ತಿತ್ತು.

ನಾನು ಕೈ ಮುಗಿದು ಕಣ್ಣು ಮುಚ್ಚಿದೆ. ಸ್ವಾಮಿ, ಜೋತ್ ದಾಟಲು ಅಪ್ಪಣೆ ಕೊಡು ಎಂದು ಕೇಳಿಕೊಂಡೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹಾಗೆಯೇ ಇನ್ನೊಂದು, ಈ ಲಾಹೌಲಿ ನಮ್ಮ ಬ್ಯಾಸೋಗೆ ತಕ್ಕವನಲ್ಲ ಎನ್ನುವುದಾದರೆ ಹೋತ ಮೈ ಕೊಡವದಿರಲಿ ಎಂದು ಮನಸ್ಸಿನಲ್ಲೇ ಸೇರಿಸಿದೆ.

ಹೋತ ಕಲ್ಲಿನ ಹಾಗೆ ನಿಂತಿತು, ಬ್ಯಾಸೋ. ಪೂಜಾರಿ ಮತ್ತೆ ನೀರು ಹಾಕಿದ. ಕಿವಿಗೂ ಹಾಕಿದ. ಅದು ಮೆಲುಕು ಹಾಕುತ್ತಾ ನನ್ನನ್ನೇ ನೋಡುತ್ತಿತ್ತು. ಮೊದಮೊದಲು ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ನೋಡು, ದೇವರಿಗೂ ಅವನು ಹಿಡಿಸಲಿಲ್ಲ! ಬಿಸಿಲು ಏರಿತು. ಹೊರೆ ಹೇರಿಕೊಂಡ ಹೇಸರಗತ್ತೆಗಳು ಕಾಲು ಬದಲಿಸಿದವು. ಬಾಬುವಿನ ಹೆಂಡತಿ, "ಎಷ್ಟೊತ್ತು? ಅದಕ್ಕೆ ಹುಷಾರಿಲ್ವಾ?" ಎಂದು ಕೇಳಿದರು. ಆಗ ನನಗೆ ಹೊಳೆಯಿತು. ಹೋತ ಅಲುಗದಿದ್ದರೆ ಜೋತೂ ಇಲ್ಲ! ಕಲ್ಕತ್ತದಿಂದ ಬಂದವರನ್ನು ಗುಡಿಯ ಮುಂದಿನಿಂದಲೇ ವಾಪಸ್ಸು ಕಳಿಸಬೇಕು. ನಮ್ಮಲ್ಲಿ ಕುರಿಮರಿ ಕಾಯುವ ಮಕ್ಕಳಿಗೂ ಗೊತ್ತು, ಒಂದು ಹೋತಕ್ಕೆ ಒಂದೇ ಪ್ರಶ್ನೆ ಕೇಳಬೇಕೆಂದು. ಈ ವಯಸ್ಸಿನಲ್ಲಿ ನಾನು ಎರಡು ಕೇಳಿ ಎರಡನ್ನೂ ಗಂಟು ಹಾಕಿದ್ದೆ.

ಪೂಜಾರಿ ಮುದುಕ ನನ್ನ ಕಡೆ ತಿರುಗಿ, "ಲೋ ಮುಸದ್ದಿ, ಹೊಟ್ಟೆಯೊಳಗೆ ಏನೋ ಇಟ್ಕೊಂಡಿದ್ದೀಯ. ತೆಗೆದುಹಾಕು ಮಾರಾಯ, ಹೋತಕ್ಕೂ ಕಾಲು ನೋಯುತ್ತೆ" ಅಂದ.

"ನನ್ನ ಹೊಟ್ಟೇಲಿ ಬೆಳಗಿನ ರೊಟ್ಟಿ ಇದೆ, ಇನ್ನೇನೂ ಇಲ್ಲ" ಅಂದೆ. ಆದರೆ ಕಣ್ಣು ಮುಚ್ಚಿ ಎರಡನೇ ಪ್ರಶ್ನೆಯನ್ನು ವಾಪಸ್ಸು ತೆಗೆದುಕೊಂಡೆ. ತೆಗೆದುಕೊಂಡಿದ್ದೇ ತಡ, ಹೋತ ಕೊಂಬಿನಿಂದ ಬಾಲದವರೆಗೆ ಎಂಥ ಕೊಡವು ಕೊಡವಿತೆಂದರೆ ಬಾಬುವಿನ ಕನ್ನಡಕದ ತುಂಬ ನೀರು!

ಅದರ ಅರ್ಥ ಏನೆಂದು ನಾನು ದಾರಿಯುದ್ದಕ್ಕೂ ಯೋಚಿಸಿದೆ. ದೇವರು ಅವನನ್ನು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಈ ತಲೆನೋವು ನಿನ್ನದು, ನೀನೇ ನೋಡಿಕೋ ಎಂದು ನನ್ನ ಮಡಿಲಿಗೆ ತಳ್ಳಿದ. ಆದ್ದರಿಂದ ನಾನು ನೋಡಲು ಶುರುಮಾಡಿದೆ. ಎರಡೂ ಕಣ್ಣು ಬಿಟ್ಟು ನೋಡಿದೆ.

ನೋಡಿದ್ದೇನು? ದುಗ್ಗಿಯ ಹಳ್ಳದಲ್ಲಿ ಎಲ್ಲರೂ ಬೂಟು ಬಿಚ್ಚಿದರು. ಅವನೂ ಬಿಚ್ಚಿದ. ಕೆಂಪು-ಹಳದಿ ಮೆಟ್ಟಿಲು ಚಿತ್ತಾರದ ಕಾಲುಚೀಲ! ಈ ಚಿತ್ತಾರ ಮಾಮನಿಗೆ ಮಾತ್ರ, ಬೇರೆ ಯಾರಿಗೂ ಹೆಣೆಯಲ್ಲ ಎಂದು ಹೇಳಿದವಳು ಯಾರು? ನನ್ನದರ ಹಿಮ್ಮಡಿ ಸವೆದು ಜಾಲರಿಯಾಗಿದೆ, ಅವನದು ಹೊಸ ಉಣ್ಣೆ. ಮೇಲಾಗಿ ಅವನದರಲ್ಲಿ ಮೆಟ್ಟಿಲು ಒಂದು ಸಾಲು ಜಾಸ್ತಿ. ಆ ಸಂಜೆ ಅವನ ಬೇಳೆಗೆ ಮಾತ್ರ ಉಪ್ಪು ಸ್ವಲ್ಪ ಹೆಚ್ಚಾಗಿ ಬಿತ್ತು. ಕೈತಪ್ಪಿ. ಅವನು ತಿಂದು, "ಉಸ್ತಾದ್, ನಮ್ಮಮ್ಮನೂ ಹೀಗೇ ಮಾಡ್ತಾಳೆ" ಎಂದು ಇನ್ನಷ್ಟು ಹಾಕಿಸಿಕೊಂಡ. ಇಲ್ಲಿಗೆ ಬಂದು ಅವನಮ್ಮನ ಕೈರುಚಿ ನೋಡಿದ ಮೇಲೆ ಅವನು ಸುಳ್ಳು ಹೇಳಿರಲಿಲ್ಲ ಎಂದು ತಿಳಿಯಿತು.

ನಮ್ಮ ಶೇರು ಇದ್ದಾನಲ್ಲ, ನಾನು ನನ್ನ ತಟ್ಟೆಯಿಂದ ತಿನ್ನಿಸಿ ಸಾಕಿದ ನಾಯಿ, ಎರಡನೇ ದಿನದಿಂದ ಅವನ ಗುಡಾರದ ಬಾಗಿಲಲ್ಲಿ ಮಲಗಲು ಶುರುಮಾಡಿದ. ಕರೆದರೆ ಬಾಲ ಅಲ್ಲಾಡಿಸುತ್ತಾನೆ, ಏಳುವುದಿಲ್ಲ. ಬಾಬುವಿನ ಹೆಂಡತಿ ತಮ್ಮ ಮಫ್ಲರನ್ನು ಬಿಚ್ಚಿ ಅಂಗರೂಪನ ಕುತ್ತಿಗೆಗೆ ಸುತ್ತಿದರು. ನನಗೂ ಕುತ್ತಿಗೆ ಇದೆ.

ಹೊಟ್ಟೆಕಿಚ್ಚೇ ಮಾಮ ಎಂದು ನೀನು ನಗುತ್ತಿರುವುದು ಇಲ್ಲಿಗೆ ಕೇಳುತ್ತಿದೆ. ಹೊಟ್ಟೆಕಿಚ್ಚಲ್ಲ. ಅಷ್ಟು ಎತ್ತರದಲ್ಲಿ ಎಲ್ಲರಿಗೂ ಹೊಟ್ಟೆ ಸರಿಯಿರುವುದಿಲ್ಲ.

ಆಲ್ಯಾಸಿನಿಂದ ಮೇಲೆ ಆ ಕಡಿದಾದ ಜಾರುಗಲ್ಲಿನ ಏರು ಇದೆಯಲ್ಲ, ಅದನ್ನು ಹತ್ತುವ ಬೆಳಿಗ್ಗೆ ನಾನು ಒಂದು ಸಣ್ಣ ಕೆಲಸ ಮಾಡಿದೆ. ಅವನ ಚೀಲದ ತಳದಲ್ಲಿ, ಹಾಸಿಗೆಯ ಕೆಳಗೆ, ಒಂದು ಕಲ್ಲು ಇಟ್ಟೆ. ತೀರಾ ದೊಡ್ಡದಲ್ಲ, ಒಂದು ಎಳೆಯ ಕುರಿಮರಿಯಷ್ಟು. ಅಪಸ್ವರ ಎಲ್ಲಿ ನಿಲ್ಲುತ್ತದೆ ನೋಡೋಣ ಎಂದು. ನಿಲ್ಲಲಿಲ್ಲ! ಬಾಬುವಿನ ಸೊಂಟಕ್ಕೆ ಹಗ್ಗ ಕಟ್ಟಿ ಎಳೆಯುತ್ತಾ, ನಡುನಡುವೆ ಅವರ ಹೆಂಡತಿಗೆ ಕೈ ಕೊಡುತ್ತಾ, ಅದೇ ಒಂದು ಸಾಲನ್ನು ಗುನುಗುತ್ತಾ ಜೋತಿನ ನೆತ್ತಿಯವರೆಗೂ ಹೋದ. ಅಲ್ಲಿ ಎಲ್ಲರೂ ಸುತ್ತಮುತ್ತ ಸಿಕ್ಕಿದ ಕಲ್ಲನ್ನು ಎತ್ತಿ ದೇವರ ಗುಡ್ಡೆಗೆ ಹಾಕುತ್ತಿದ್ದರೆ ಇವನು ಚೀಲ ಬಿಚ್ಚಿ ತಳದಿಂದ ನನ್ನ ಕಲ್ಲನ್ನು ತೆಗೆದ. ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿ ಗುಡ್ಡೆಯ ಮೇಲಿಟ್ಟ.

"ಅದನ್ನ ಕೆಳಗಿನಿಂದ ಹೊತ್ತು ತಂದ್ಯಾ?" ಎಂದು ಬಾಬು ಬಾಯಿ ಬಿಟ್ಟರು.

"ಉಸ್ತಾದರು ಕೊಟ್ಟರು" ಅಂದ. "ಅವರು ಕೊಟ್ಟಿದ್ದನ್ನ ದಾರೀಲಿ ಎಸೆಯೋಕಾಗುತ್ತಾ?"

ಎಲ್ಲರೂ ನನ್ನನ್ನು ಎಷ್ಟು ಭಕ್ತಿಯಿಂದ ನೋಡಿದರೆಂದರೆ ನಾನೂ ಗಂಭೀರವಾಗಿ ತಲೆಯಾಡಿಸಬೇಕಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೆತ್ತಿಯ ಮೇಲೆ ಇದ್ದಾಗಲೇ ಮಂಜು ಕವಿಯಿತು. ಕೈ ಚಾಚಿದರೆ ಬೆರಳು ಕಾಣದಷ್ಟು. ಈಚೆಗೆ ಇಳಿಯಲು ಎರಡು ಕೊರಕಲುಗಳಿವೆ, ನಿನಗೂ ನೆನಪಿರಬೇಕು. ನಮ್ಮಪ್ಪ ಕುರಿ ಇಳಿಸುತ್ತಿದ್ದದ್ದು ಎಡದ್ದರಲ್ಲಿ. ನಾನು ಸೌಟನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದು, "ಎಡಕ್ಕೆ" ಅಂದೆ.

"ಬೇಡ ಉಸ್ತಾದ್" ಅಂದ ಅಂಗರೂಪ್. "ಎಡಗಡೆ ಹಿಮ ಹೋದ ವರ್ಷವೇ ಒಡೆದಿದೆ. ಬಲಕ್ಕೆ ಹೋಗೋಣ."

"ನಿಮ್ಮಪ್ಪ ಇನ್ನೂ ಚಡ್ಡಿ ಹಾಕೋಕೆ ಕಲಿತಿರಲಿಲ್ಲ, ಆಗ ನಾನು ಈ ಎಡದಲ್ಲಿ ಇಳಿದಿದ್ದೆ!"

"ಹೌದು. ಆಗ ಎಡವೇ ಸರಿಯಿತ್ತು."

ಅವನು ದನಿ ಎತ್ತಲಿಲ್ಲ. ಅದೇ ನನಗೆ ಉರಿದದ್ದು. ಬಾಬುಗಳು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವನನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಬಲಕ್ಕೆ ತಿರುಗಿದರು. ಶೇರು ಸ್ವಲ್ಪ ಹೊತ್ತು ನಡುವೆ ನಿಂತ. ಆಮೇಲೆ ಅವನೂ ಹೋದ.

ಎಡದ ದಾರಿ ಹೇಗಿದೆ ಎಂದು ಯಾರಾದರೂ ನೋಡಿಬರಬೇಕಲ್ಲ? ಅದಕ್ಕೇ ಹೋದೆ. ಸರಿ, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ಕೋಪದಲ್ಲಿ ಹೋದೆ. ಕೆಳಗೆ ಅವರಿಗಿಂತ ಮೊದಲು ಇಳಿದು, ಒಲೆ ಹಚ್ಚಿ ಚಹಾ ಕಾಯಿಸಿಕೊಂಡು ಕೂತು, "ಬಂದ್ರಾ?" ಎಂದು ಕೇಳಬೇಕೆಂದುಕೊಂಡಿದ್ದೆ. ಸ್ವಲ್ಪ ದೂರ ಇಳಿದೆ. ಮೇಲೆ ಜಲ್ಲಿ, ಅಡಿಯಲ್ಲಿ ಗಾಜಿನಂಥ ಹಿಮಗಡ್ಡೆ. ಕಾಲು ಹೋಯಿತು. ಜಾರಿ ಜಾರಿ ಒಂದು ಬಂಡೆಯ ಚಾಚಿಗೆ ತಗುಲಿ ನಿಂತೆ. ಮಂಜು ಒಂದು ಗಳಿಗೆ ಸರಿಯಿತು. ನನ್ನ ಪಾದದ ಕೆಳಗೆ ನಮ್ಮಪ್ಪನ ದಾರಿ ಇರಲಿಲ್ಲ, ಬ್ಯಾಸೋ. ಹಸಿರು ಬಣ್ಣದ ಹಿಮ ಬಾಯಿ ತೆರೆದುಕೊಂಡಿತ್ತು. ನಾನು ಹೆದರಲಿಲ್ಲ. ಕೂತೆ, ಅಷ್ಟೆ. ಕೂತ ಮೇಲೆ ಏಳಲು ಮನಸ್ಸಾಗಲಿಲ್ಲ.

ಎಷ್ಟು ಹೊತ್ತಾಯಿತೋ, ಮೇಲಿನಿಂದ "ಮಾಮಾ! ಮಾಮಾ!" ಎಂದು ಕೂಗು ಕೇಳಿತು. ಬಾಬುಗಳನ್ನು ಬಲಗಡೆ ಬಂಡೆಯ ಮರೆಯಲ್ಲಿ ಕೂರಿಸಿ ಅವನು ವಾಪಸ್ಸು ಹತ್ತಿ ಬಂದಿದ್ದ. ಉಸ್ತಾದ್ ಎನ್ನುವುದು ಮರೆತುಹೋಗಿತ್ತು. ಹಗ್ಗ ಇಳಿಬಿಟ್ಟ. ಅದು ನನ್ನ ತಲೆಯಿಂದ ಎರಡಾಳೆತ್ತರ ಮೇಲೆಯೇ ನಿಂತಿತು. ನಾನು ಸೊಂಟಕ್ಕೆ ಸುತ್ತಿದ್ದ ಉದ್ದನೆಯ ಉಣ್ಣೆಹುರಿ ಡೋರಾ ಬಿಚ್ಚಿ, ಒಂದು ತುದಿಗೆ ಸೌಟು ಕಟ್ಟಿ ಮೇಲಕ್ಕೆ ಬೀಸಿದೆ. ಅವನು ಇನ್ನಷ್ಟು ಕೆಳಗೆ ತೆವಳಿ ಬಂದು ಅದನ್ನು ಹಿಡಿದು, ಹಗ್ಗಕ್ಕೆ ಗಂಟು ಹಾಕಿದ. ನನ್ನ ಡೋರಾ ಇಲ್ಲದಿದ್ದರೆ ಅವನ ಹಗ್ಗ ಸಾಲುತ್ತಲೇ ಇರಲಿಲ್ಲ, ಇದನ್ನು ಗಮನದಲ್ಲಿಟ್ಟುಕೋ. ನಾನು ಬಹುಮಟ್ಟಿಗೆ ನನ್ನ ಕಾಲಿನಲ್ಲೇ ಮೇಲೆ ಬಂದೆ.

ಬಂದ ಮೇಲೆ ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಬೈದು ಮನಸ್ಸು ತಿಳಿ ಮಾಡಿಕೊಳ್ಳುತ್ತಿದ್ದೆ. ಬಾಬುಗಳ ಹತ್ತಿರ ಹೋದಾಗ ಎಲ್ಲರೂ ಎದ್ದು ನಿಂತು ಏನಾಯ್ತು ಏನಾಯ್ತು ಎಂದರು. ನಾನು ಒಂದು ಕಥೆ ಕಟ್ಟಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ: "ಎಡಗಡೆ ದಾರಿ ಎಲ್ಲಿವರೆಗೂ ಉಳಿದಿದೆ ನೋಡ್ಕೊಂಡು ಬನ್ನಿ ಅಂತ ನಾನೇ ಉಸ್ತಾದರನ್ನ ಕೇಳ್ಕೊಂಡಿದ್ದೆ. ಇನ್ಯಾರನ್ನ ಕಳಿಸಿದ್ರೂ ಆಗ್ತಿರಲಿಲ್ಲ." ಬಾಬುವಿನ ಹೆಂಡತಿ "ಈ ವಯಸ್ಸಲ್ಲೂ ಎಂಥ ಧೈರ್ಯ!" ಎಂದು ನನ್ನ ಕೈಗೆ ಮಿಠಾಯಿ ಕೊಟ್ಟರು. ತಿಂದೆ.

ನಿನಗೆ ಗೊತ್ತು, ಬುರುಡೆ ಬಿಡುವುದರಲ್ಲಿ ಈ ಜೋತಿನ ಎರಡೂ ಕಡೆ ನನ್ನನ್ನು ಮೀರಿಸುವವರಿಲ್ಲ. ಆದರೆ ನಾನು ಇವತ್ತಿನವರೆಗೆ ಹೇಳಿದ ಒಂದೊಂದು ಸುಳ್ಳೂ ನನ್ನ ಮೀಸೆಯನ್ನು ಮೇಲೆ ತಿರುವಲು ಹೇಳಿದ್ದು. ಇನ್ನೊಬ್ಬನ ಮೀಸೆ ಕೆಳಗೆ ಬೀಳದಿರಲಿ ಎಂದು ಇಷ್ಟು ಸಲೀಸಾಗಿ ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಸೀಟಿ ಹೋಯಿತು, ನಾಯಿ ಹೋಯಿತು, ಕಾಲುಚೀಲ ಹೋಯಿತು, ಅದನ್ನೆಲ್ಲ ಸಹಿಸಿಕೊಂಡೆ. ನನ್ನ ಸ್ವಂತ ವಿದ್ಯೆಯಲ್ಲೂ ಅವನು ನನಗಿಂತ ಮೇಲೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಈಗ ಅವನ ಮನೆಯಲ್ಲೇ ಇದ್ದೇನೆ. ಅವನಮ್ಮ ಇಲ್ಲೇ ಕೆಲವು ದಿನ ಇರಿ ಎಂದು ಬಹಳ ಒತ್ತಾಯ ಮಾಡಿದಳು, ಆಗಲಿ ಪಾಪ ಎಂದು ಒಪ್ಪಿಕೊಂಡೆ. ಬಂದ ದಿನದಿಂದ ತಪ್ಪು ಹುಡುಕುತ್ತಿದ್ದೇನೆ. ಮಾಡು ಸೋರುವುದಿಲ್ಲ. ಸೌದೆ ಚಳಿಗಾಲಕ್ಕೆ ಸಾಕಾಗುವಷ್ಟು ಒಟ್ಟಿದ್ದಾರೆ. ಬಟಾಣಿ ಹೊಲ ನಮ್ಮದಕ್ಕಿಂತ ಚೆನ್ನಾಗಿದೆ. ಅವನಮ್ಮ ಬೆಣ್ಣೆ ಹಾಕಿದ ಉಪ್ಪು ಚಹಾ ಕೊಡುತ್ತಾ, "ಹುಡುಗಿಗೆ ಉಪ್ಪು ಚಹಾ ಸೇರುತ್ತಾ, ಇಲ್ಲ ಸಕ್ಕರೆ ತರಿಸಿಡ್ಲಾ?" ಎಂದು ಕೇಳಿದಳು. ನಾನು ಹೂಂ ಅನ್ನುವ ಮೊದಲೇ ಸಕ್ಕರೆಯ ಮಾತು! "ನಮ್ಮ ಹುಡುಗಿ ಯಾವ ಚಹಾ ಕುಡೀತಾಳೆ ಅನ್ನೋದು ಆಮೇಲಿನ ಮಾತು" ಎಂದು ಬಿಗಿಯಾಗಿ ಹೇಳಿದೆ. ಅವಳು ಬಟ್ಟಲು ತುಂಬಿಸಿ ನಕ್ಕಳು. ಆ ನಗು ಯಾರಿಂದ ಯಾರಿಗೆ ಬಂದಿದೆ ಎಂದು ಗೊತ್ತಾಯಿತು.

ಒಂದೇ ಒಂದು ಕೊರತೆ ಸಿಕ್ಕಿತು. ಈ ಮನೆಯ ಮಾಡಿನ ಮೇಲೆ ನಿಂತರೆ ಜೋತ್ ಕಾಣುವುದಿಲ್ಲ. ಬಟಾಣಿ ಹೊಲದ ಆ ತುದಿಯವರೆಗೆ ಹೋಗಬೇಕು. ಕಾರ್ತಿಕದಲ್ಲಿ ಹಿಮ ಬಿದ್ದರೆ ವಸಂತದವರೆಗೆ ಆಚೆಯ ಸುದ್ದಿ ಈಚೆಗಿಲ್ಲ. ಅಷ್ಟು ತಿಂಗಳು ನಿನ್ನ ಜಗಳ, ನಿನ್ನ ನಗು, ಬೆಳಿಗ್ಗೆ ಎದ್ದ ಕೂಡಲೇ ನೀನು ಮಾಡುವ ಗದ್ದಲ, ಎಲ್ಲ ಇವರ ಪಾಲು. ನಮ್ಮ ಪಾಲಿಗೆ ನಿನ್ನ ಅಮ್ಮ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುವುದು. ಇದನ್ನು ಯೋಚಿಸಿದಾಗ ಹೊಲದ ತುದಿಯಲ್ಲಿ ನಿಂತು ಊಹೂಂ ಎಂದು ಗಟ್ಟಿಯಾಗಿ ಹೇಳಿಯೂ ನೋಡಿದೆ. ಚೆನ್ನಾಗಿಯೇ ಕೇಳಿಸಿತು. ಆದರೆ ಅದು ಅವನ ಬಗ್ಗೆ ಹೇಳಿದ ಮಾತಾಗಿರಲಿಲ್ಲ, ನನ್ನ ಬಗ್ಗೆ ಹೇಳಿಕೊಂಡದ್ದು. ನೀನು ಕೇಳಿದ್ದು ಅವನ ಬಗ್ಗೆ.

ಆದ್ದರಿಂದ ಹೂಂ. ಬರೆದಿದ್ದೇನೆ, ಸೊಟ್ಟಗಿಲ್ಲ, ನೋಡಿಕೋ. ಹೂಂ.

ಅಪಸ್ವರದ ಬಗ್ಗೆ ಮಾತ್ರ ನಾನು ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಅದನ್ನು ನೀನೇ ಅನುಭವಿಸು.

ನಿನ್ನ ಅಮ್ಮನನ್ನು ಒಂದು ದಿನ ಅಳಲು ಬಿಡು. ಎರಡನೇ ದಿನ ಉಣ್ಣೆ ನೂಲಲು ಕೂರಿಸು.

ಈ ಬೆಟ್ಟಗಳಲ್ಲಿ ನಿನಗಿರುವ ಒಬ್ಬನೇ ಮಾಮ, ಎರಡನೆಯವನು ಎಲ್ಲೂ ಸಿಗುವುದಿಲ್ಲ,
ಮುಸದ್ದಿ ರಾಮ

ಮರೆತ ಮಾತು: ಈ ಪತ್ರವನ್ನು ನಿನ್ನ ಕೈಗೆ ಕೊಟ್ಟು, ಎದುರಿಗೆ ನಿಂತು ಬೂಟು ನೋಡಿಕೊಳ್ಳುತ್ತಿರುವವನು ಅವನೇ. ವಾಪಸ್ಸು ಹೋಗುವ ಕುರಿಮಂದೆಯ ಜೊತೆ ಜೋತ್ ದಾಟಿ ಬಂದಿದ್ದಾನೆ. ಒಳಗೆ ಏನಿದೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೇಕಾದರೆ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಲ್ಲಿಸು. ನಾನು ಅವನ ಜೊತೆ ಬರಲಿಲ್ಲ, ಏಕೆಂದರೆ ನನ್ನ ಎಡ ಮೊಣಕಾಲು ಕುಂಬಳಕಾಯಿಯಷ್ಟು ಊದಿದೆ, ಹೊಲದ ತುದಿಗೂ ಕೋಲೂರಿಕೊಂಡೇ ಹೋಗಿದ್ದೆ. ಅಂದು ಆ ಕೊರಕಲಿನಿಂದ ಇಲ್ಲಿಯವರೆಗೂ ಅವನೇ ನನ್ನನ್ನು ಬೆನ್ನ ಮೇಲೆ ಹೊತ್ತು ತಂದ. ನಾನು ಮನಾಲಿ, ಪಠಾಣಕೋಟೆ, ಚಂಬಾ ಸುತ್ತಿಕೊಂಡು ಬಸ್ಸಿನಲ್ಲಿ ಬರುತ್ತೇನೆ. ಊರಿನಲ್ಲಿ ತೀರ್ಥಯಾತ್ರೆಗೆ ಹೋಗಿದ್ದಾನೆ ಎಂದು ಹೇಳು. ಇಲ್ಲಿನ ವೈದ್ಯ ಇನ್ನು ಮೇಲೆ ಜೋತ್ ಬೇಡ ಅನ್ನುತ್ತಾನೆ. ಅದಿರಲಿ. ಮದುವೆಯನ್ನು ಮಾತ್ರ ಅವಸರ ಮಾಡಬೇಡಿ, ವೈಶಾಖದಲ್ಲಿ ಇಟ್ಟುಕೊಳ್ಳಿ, ಅಷ್ಟರಲ್ಲಿ ಕಾಲು ಗಟ್ಟಿಯಾಗುತ್ತದೆ. ಹೆಣ್ಣನ್ನು ಎತ್ತಿಕೊಂಡು ಹೋಗಿ ಪಲ್ಲಕ್ಕಿಯಲ್ಲಿ ಕೂರಿಸುವುದು ಮಾಮನ ಕೆಲಸ. ಅವನ ಬೆನ್ನು ಎಷ್ಟೇ ಗಟ್ಟಿಯಿರಲಿ, ಆ ದಿನ ಅವನು ಕೈಕಟ್ಟಿಕೊಂಡು ನಿಂತು ನೋಡಲಿ.